ತೇಲುವ ಮನೆಯ ತಾಯಿ

ಮನೆಯೆಂದರೆ ನೆಲದಲ್ಲಿ ಅಸ್ತಿಭಾರವೂರಿ ನಿಂತಿರುವುದೆಂದೇ ನಾವೆಲ್ಲರೂ ತಿಳಿದಿರುತ್ತೇವೆ. ಗೋಡೆ, ಮಾಡು, ಅಂಗಳ, ಬಾವಿ, ತುಳಸಿಯ ಕಟ್ಟೆ, ಇವುಗಳಿಲ್ಲದ ಗೃಹಕೃತ್ಯವನ್ನು ಊಹಿಸಿಕೊಳ್ಳುವುದು ನಮಗೆ ಕಷ್ಟ. ಆದರೆ ಗೋಡೆಗೆ ಬದಲಾಗಿ ಹಲಗೆಗಳೂ, ಮಾಡಿಗೆ ಬದಲಾಗಿ ಹಾಯಿಗಳೂ, ಅಂಗಳಕ್ಕೆ ಬದಲಾಗಿ ಕೊನೆಗಾಣದ ಕಡಲೂ ಇದ್ದ ಮನೆಯೊಂದರಲ್ಲಿ ಗಂಡ, ಹೆಂಡತಿ, ಮಕ್ಕಳು, ದಾದಿ, ಅಡಿಗೆಯವರು, ನಾಯಿ, ಹಕ್ಕಿ ಎಲ್ಲರೂ ಕೂಡಿ ತಿಂಗಳುಗಟ್ಟಲೆ ಸಂಸಾರ ಮಾಡಿದುದುಂಟು. ಆ ಸಂಸಾರದ ಕಥೆಯನ್ನು ಈ ತಿಂಗಳು ನಮ್ಮ ವಾಚಕರ ಮುಂದೆ ಇಡಬೇಕೆಂದು ಬಯಸಿದ್ದೇವೆ. ದೇಶ ಸಂಚಾರದ ಸೋಜಿಗವನ್ನು ವರ್ಣಿಸುವುದಷ್ಟೇ ನಮ್ಮ ಉದ್ದೇಶವಲ್ಲ. ಎಲ್ಲ ಅನುಕೂಲಗಳೂ ತುಂಬಿದ ಮನೆಯೊಳಕ್ಕೂ ರೋಗವು ಹೇಗೆ ಕಾಲಿಡುತ್ತದೆ, ಮನೆಯವರೆಲ್ಲರ ಆರೋಗ್ಯವನ್ನು ನೋಡಿಕೊಳ್ಳುವವಳ ಆರೋಗ್ಯವನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಈ ಕಥೆಯು ನಮ್ಮ ಮುಂದೆ ಎತ್ತಿ ಹಿಡಿಯುತ್ತದೆ.

ಆ ತೇಲುವ ಮನೆಯ ಹೆಸರು ‘ಸನ್‌ಬೀಮ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ರವಿಕಿರಣ’. ಅದರ ಯಜಮಾನನು ಇಂಗ್ಲೆಂಡಿನ ಥಾಮಸ್ ಬ್ರಾಸಿ. ಯಜಮಾನಿ ಆನಿ ಬ್ರಾಸಿ. ಥಾಮಸನ ತಂದೆಯು ಅನೇಕ ದೇಶಗಳಲ್ಲಿ ರೈಲುದಾರಿಗಳನ್ನು ಗುತ್ತಿಗೆಯ ಮೇಲೆ ಕಟ್ಟಿಸಿ ಅಪಾರ ಐಶ್ವರ್ಯವನ್ನು ಸಂಪಾದಿಸಿದವನು. ಮಗನು ಹೇಸ್ಟಿಂಗ್ಸ್ ಪಟ್ಟಣದ ಪ್ರತಿನಿಧಿಯಾಗಿ ಪಾರ್ಲಿಮೆಂಟನ್ನು ಸೇರಿದನು. ಆದರೂ ಆತನ ಮನಸ್ಸೆಲ್ಲ ಕಡಲಿನ ಮೇಲೆ. ವಿನೋದಕ್ಕಾಗಿ ಹಡಗನ್ನಿಟ್ಟುಕೊಂಡ ಧನಿಕರು ಆ ದೇಶದಲ್ಲಿ ಅನೇಕರಿದ್ದರು. ಆದರೆ ಈತನು ಅವರಂತೆ ನಾವಿಕರ ಕೈಗೆ ಚುಕ್ಕಾಣಿಯನ್ನೊಪ್ಪಿಸಿ ಸುಮ್ಮನೆ ಕುಳಿತವನಲ್ಲ. ನಕ್ಷತ್ರಗಳನ್ನು ನೋಡಿ ದಾರಿ ಕಾಣುವ ವಿದ್ಯೆಯನ್ನು ಕಲಿತು, ಪರೀಕ್ಷೆಗೆ ಕುಳಿತು, ನೌಕಾನಾಯಕನ ಅರ್ಹತಾ ಪತ್ರವನ್ನು ಪಡೆದನು.

ಆನಿಯು ಹುಟ್ಟಿದುದು ೧೮೩೯ನೆಯ ಇಸವಿಯಲ್ಲಿ. ಎಳೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡು ತಂದೆಯ ಆಶ್ರಯದಲ್ಲಿ ಬೆಳೆದಳು. ಪ್ರಾಯದಲ್ಲಿ ಒಮ್ಮೆ ಉಡುಪಿಗೆ ಬೆಂಕಿ ತಗುಲಿ ಮೈ ಸುಟ್ಟುಹೋಗಿ, ಆರು ತಿಂಗಳ ಕಾಲ ಹಾಸಿಗೆ ಹಿಡಿದು, ಸಾವಿನ ಬಾಗಿಲನ್ನು ಕಂಡು ಮರಳಿದವಳು. ಎದೆಗೂಡಿನ ನೆಗಡಿಯೂ ಕೆಮ್ಮೂ ಆಕೆಗೆ ಹುಟ್ಟಿನಿಂದ ಬಂದ ಬಳುವಳಿಯಂತಿದ್ದುವು. ೧೮೬೦ರಲ್ಲಿ ಮದುವೆಯಾದ ಮೇಲೆ ಗಂಡನ ಕಡಲ ಹುಚ್ಚನ್ನು ತನ್ನದನ್ನಾಗಿಯೇ ಮಾಡಿಕೊಂಡಳು. ಹಾಗೆಂದು ಕಡಲು ಆಕೆಗೆ ಒಗ್ಗಿತೆಂದಲ್ಲ. ಅಲೆಗಳು ಎದ್ದೊಡನೆ ತಲೆ ಸುತ್ತಿ ವಾಂತಿಯಾಗುವ ಬಾಧೆ ಆಕೆಯನ್ನು ಕೊನೆಯವರೆಗೂ ಬಿಡಲಿಲ್ಲ. ಸಾವಿರಾರು ಮೈಲಿಗಳ ಪ್ರಯಾಣದ ಸುಖವನ್ನು ಜಗತ್ತಿಗೆಲ್ಲ ವರ್ಣಿಸಿ ಹೇಳಿದ ಹೆಂಗಸು, ಆ ಪ್ರಯಾಣಗಳ ಎಷ್ಟೋ ದಿನಗಳನ್ನು ಮಲಗಿದ ಕಡೆಯಿಂದ ಏಳಲಾರದೆ ಕಳೆದಳೆಂಬುದನ್ನು ನಾವು ನೆನಪಿನಲ್ಲಿಡಬೇಕು.

ಹಡಗಿಗೆ ಆ ಹೆಸರು ಬಂದ ಬಗೆಯನ್ನು ಹೇಳದೆ ಮುಂದುವರಿಯುವಂತಿಲ್ಲ. ಈ ದಂಪತಿಗಳಿಗೆ ಕಾನ್‌ಸ್ಟನ್ಸ್ ಎಂಬ ಹೆಣ್ಣು ಮಗುವಿದ್ದಿತು. ಮನೆಯವರೆಲ್ಲ ಅದನ್ನು ‘ಸನ್‌ಬೀಮ್’ ಎಂದೇ ಮುದ್ದಿನಿಂದ ಕರೆಯುತ್ತಿದ್ದರು. ನಾಲ್ಕು ವರ್ಷದ ಆ ಮಗುವು ೧೮೭೩ರ ಜನವರಿಯಲ್ಲಿ ಸ್ಕಾರ್ಲೆಟ್ ಜ್ವರದಿಂದ ತೀರಿಹೋಯಿತು. ಗಂಟಲು ಬಾತು, ಮೈಯೆಲ್ಲ ಕೆಂಪೇರಿ, ಕೆಲವೇ ದಿನಗಳಲ್ಲಿ ಎಳೆಯ ಜೀವಗಳನ್ನು ಕೊಂಡೊಯ್ಯುತ್ತಿದ್ದ ಈ ರೋಗಕ್ಕೆ ಆ ಕಾಲದಲ್ಲಿ ಮದ್ದಿರಲಿಲ್ಲ. ಇಂದು ಪೆನಿಸಿಲಿನ್ ಮೊದಲಾದ ಔಷಧಿಗಳಿಂದ ಅದು ಸುಲಭವಾಗಿ ಗುಣವಾಗುವುದು. ಮಗುವು ಹೋದ ಮರುವರುಷ, ಎಂದರೆ ೧೮೭೪ರಲ್ಲಿ, ಬ್ರಾಸಿಯವರ ಹೊಸ ಹಡಗು ನೀರಿಗಿಳಿಯಿತು. ತಂದೆತಾಯಿಗಳು ಅದಕ್ಕೆ ಸತ್ತ ಮಗುವಿನ ಮುದ್ದು ಹೆಸರನ್ನೇ ಇಟ್ಟರು. ಹಡಗಿನ ಮುಂದಲೆಯಲ್ಲಿ ಹೊಂಬಣ್ಣದ ಶಿಶುವಿನ ಮೂರ್ತಿಯೊಂದನ್ನು ಕೆತ್ತಿಸಿ ನಿಲ್ಲಿಸಿದರು. ಅಂದಿನಿಂದ ಆ ತಾಯಿಯು ಭೂಮಿಯನ್ನೆಲ್ಲ ಸುತ್ತಿದುದು ಆ ಮಗುವಿನ ಬೆನ್ನ ಹಿಂದೆಯೇ.

‘ಸನ್‌ಬೀಮ್’ ಮೂರು ಕೂವೆಮರಗಳ ಹಾಯಿ ಹಡಗು. ಉದ್ದ ೧೫೦ ಅಡಿಗಳಿಗೆ ಮೇಲ್ಪಟ್ಟು. ಪ್ರಮಾಣ ಸುಮಾರು ೫೩೦ ಟನ್ನು. ಗಾಳಿಯು ಬಿದ್ದುಹೋದಾಗಲೂ, ಇಕ್ಕಟ್ಟಾದ ಜಲಸಂಧಿಗಳಲ್ಲಿಯೂ ಉಪಯೋಗಕ್ಕೆಂದು ಉಗಿಯಂತ್ರವೊಂದನ್ನು ಇಟ್ಟಿದ್ದರು. ಆದರೆ ಗಾಳಿಯಿರುವಾಗ ಕಲ್ಲಿದ್ದಲನ್ನು ಸುಡದೆ ಹಾಯಿ ಬಿಚ್ಚಿ ಸಾಗುವುದೇ ಯಜಮಾನನಿಗೆ ಪ್ರಿಯವಾದ ಕ್ರಮವಾಗಿದ್ದಿತು.

೧೮೭೬ನೆಯ ಇಸವಿ ಜುಲೈ ತಿಂಗಳಲ್ಲಿ ಈ ಹಡಗು ಇಂಗ್ಲೆಂಡಿನ ತೀರವನ್ನು ಬಿಟ್ಟು ಭೂಪ್ರದಕ್ಷಿಣೆಗೆ ಹೊರಟಿತು. ಹಡಗಿನಲ್ಲಿದ್ದವರು ಒಟ್ಟು ೪೩ ಜನ. ಬ್ರಾಸಿ ದಂಪತಿಗಳು, ಅವರ ನಾಲ್ವರು ಮಕ್ಕಳು, ಕೆಲವರು ಸ್ನೇಹಿತರು, ಒಬ್ಬ ವೈದ್ಯ, ದಾದಿ, ಪರಿಚಾರಿಕೆಯರು, ಅಡಿಗೆಯವರು, ನಾವಿಕರು, ಯಂತ್ರದವರು. ಕಿರಿಯ ಮಗುವಿಗೆ ಆಗಿನ್ನೂ ಹೆಜ್ಜೆಯಿಡುವ ವಯಸ್ಸು. ನಮ್ಮಲ್ಲಿ ಕೈಗೂಸನ್ನೆತ್ತಿಕೊಂಡು ಪಕ್ಕದೂರಿನ ಜಾತ್ರೆಗೆ ಹೋಗಬೇಕಾದರೂ ಹಿರಿಯರು ಹತ್ತು ಸಲ ಯೋಚಿಸುತ್ತಾರೆ. ಈ ತಾಯಿಯು ಅದನ್ನು ಕರೆದುಕೊಂಡು ಅಟ್ಲಾಂಟಿಕ್ ಮಹಾಸಾಗರವನ್ನು ದಾಟಿದಳು.

ಹೊರಟ ಮೊದಲ ದಿನಗಳಲ್ಲಿಯೇ ದೊಡ್ಡದೊಂದು ಅಲೆ ಹಡಗಿನ ಮೇಲಕ್ಕೇರಿ ಬಂದು, ಹಿರಿಯ ಮಕ್ಕಳಿಬ್ಬರನ್ನು ಎಳೆದುಕೊಂಡು ಹೋಗುವುದು ಸ್ವಲ್ಪದರಲ್ಲಿ ತಪ್ಪಿತು. ಅಲ್ಲಿಂದ ಮುಂದೆ ಬ್ರೆಜಿಲ್ ದೇಶದ ರಿಯೊ ಪಟ್ಟಣ, ಮೆಗೆಲನ್ ಜಲಸಂಧಿ, ಚಿಲಿ, ತಾಹಿತಿ, ಹವಾಯಿ, ಜಪಾನು, ಹಾಂಗ್‌ಕಾಂಗ್, ಸಿಂಗಪುರ, ಸಿಂಹಳ, ಏಡನ್, ಸೂಯೆಜ್ ಕಾಲುವೆ, ಹೀಗೆ ಸುತ್ತಿ ೧೮೭೭ರ ಮೇ ತಿಂಗಳ ಕೊನೆಯಲ್ಲಿ ಹಡಗು ಸ್ವದೇಶಕ್ಕೆ ಮರಳಿತು. ದಾರಿಯಲ್ಲಿ, ದಕ್ಷಿಣ ಅಮೆರಿಕದ ತೀರದ ಹೊರಗೆ, ಕಲ್ಲಿದ್ದಲು ತುಂಬಿದ ‘ಮಾಂಕ್ಸ್‌ಹೇವನ್’ ಎಂಬ ಹಡಗು ಒಡಲೊಳಗೆ ಬೆಂಕಿ ಹತ್ತಿ ಹೊಗೆಯಾಡುತ್ತಿದ್ದುದನ್ನು ಕಂಡು, ಅದರಲ್ಲಿದ್ದ ೧೫ ಜನರನ್ನೂ ತಮ್ಮ ಹಡಗಿಗೆ ಹತ್ತಿಸಿಕೊಂಡರು. ಲೆಕ್ಕ ಹಾಕಿ ತುಂಬಿದ್ದ ಆಹಾರ, ಅಳೆದು ಕೊಡುತ್ತಿದ್ದ ಕುಡಿಯುವ ನೀರು. ಅದರಲ್ಲಿಯೇ ಹದಿನೈದು ಹೊಟ್ಟೆಗಳಿಗೆ ಪಾಲು. ಮನೆಯಲ್ಲಿ ಅನಿರೀಕ್ಷಿತವಾಗಿ ಹದಿನೈದು ಜನ ಅತಿಥಿಗಳು ಬಂದರೆ ಗೃಹಿಣಿಯ ಪಾಡೇನೆಂಬುದನ್ನು ನಮ್ಮ ಸೋದರಿಯರಿಗೆ ನಾವು ಹೇಳಬೇಕಾಗಿಲ್ಲ. ಅಕ್ಕಿಗಾಗಿ ಪಕ್ಕದ ಮನೆಗೆ ಆಳು ಕಳುಹಿಸುವಂತಿಲ್ಲದ ಮನೆ ಅದು!

ಪ್ರಯಾಣದ ದಿನಚರಿಯನ್ನು ಆನಿಯು ತಂದೆಗೂ ಆಪ್ತರಿಗೂ ಬರೆದು ಕಳುಹಿಸುತ್ತಿದ್ದಳು. ಆ ಬರಹಗಳೇ ೧೮೭೮ರಲ್ಲಿ ಪುಸ್ತಕವಾಗಿ ಹೊರಬಂದುವು. ಸಮುದ್ರದ ಮೇಲೆ ಹನ್ನೊಂದು ತಿಂಗಳು ನಮ್ಮ ಮನೆಯಾಗಿದ್ದ ಹಡಗು ಎಂದು ಆಕೆಯೇ ಅದನ್ನು ಕರೆದಳು. ಪುಸ್ತಕವು ಮುದ್ರಣದ ಮೇಲೆ ಮುದ್ರಣವನ್ನು ಕಂಡಿತು. ಅನ್ಯ ಭಾಷೆಗಳಿಗೂ ಪರಿವರ್ತನವಾಯಿತು. ಅದುವರೆಗೆ ಸಮುದ್ರಯಾನವನ್ನು ಕುರಿತು ಬರೆದವರು ಬಹುಮಟ್ಟಿಗೆ ಗಂಡಸರು. ಅವರ ಬರಹಗಳಲ್ಲಿ ಬಿರುಗಾಳಿ, ಯುದ್ಧ, ಶೋಧನೆಗಳೇ ಮುಖ್ಯ. ಈಕೆಯ ಪುಸ್ತಕದಲ್ಲಿಯಾದರೋ ಮಕ್ಕಳ ಹುಟ್ಟು ಹಬ್ಬ, ಬಂದರಿನ ಸಂತೆಯಲ್ಲಿ ಕೊಂಡ ಹಣ್ಣು, ಸಾಕಿದ ಪ್ರಾಣಿಗಳ ಚೇಷ್ಟೆ, ಒದ್ದೆಯಾದ ಹಾಸಿಗೆಗಳು ಇವೆಲ್ಲಕ್ಕೂ ಎಡೆಯಿದ್ದಿತು. ಕಡಲನ್ನೇ ಕಾಣದ ಗೃಹಿಣಿಯರೂ ಅದನ್ನು ತಮ್ಮ ಮನೆಯ ಮಾತೆಂಬಂತೆ ಓದಿದರು. ಈಕೆ ಛಾಯಾಚಿತ್ರ ತೆಗೆಯುವುದನ್ನೂ ಕಲಿತಿದ್ದಳು. ಕೂಡಿಟ್ಟ ಚಿತ್ರಗಳ ೭೦ ಸಂಪುಟಗಳು ಇಂದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ಹಂಟಿಂಗ್‌ಟನ್ ಗ್ರಂಥಾಲಯದಲ್ಲಿ ಸುರಕ್ಷಿತವಾಗಿವೆ.

ಇನ್ನೊಂದು ವಿಷಯವು ನಮ್ಮ ಕಥೆಗೆ ಇದಕ್ಕಿಂತ ಮುಖ್ಯವಾದುದು. ೧೮೭೭ರಲ್ಲಿ ಇಂಗ್ಲೆಂಡಿನಲ್ಲಿ ಸೇಂಟ್ ಜಾನ್ ಆಂಬ್ಯುಲೆನ್ಸ್ ಸಂಘವು ಸ್ಥಾಪಿತವಾಯಿತು. ಗಾಯಗೊಂಡವರಿಗೂ ಹಠಾತ್ತಾಗಿ ಕಾಯಿಲೆ ಬಿದ್ದವರಿಗೂ ವೈದ್ಯನು ಬರುವವರೆಗೆ ಮಾಡಬೇಕಾದ ಪ್ರಥಮ ಚಿಕಿತ್ಸೆಯನ್ನು ಸಾಮಾನ್ಯ ಜನರಿಗೆ ಕಲಿಸುವುದೇ ಅದರ ಗುರಿ. ರಕ್ತ ಸುರಿಯುವ ಗಾಯವನ್ನು ಕಟ್ಟುವ ಬಗೆ, ಮುರಿದ ಎಲುಬಿಗೆ ದಬ್ಬೆ ಕಟ್ಟುವ ಬಗೆ, ನೀರಿನಲ್ಲಿ ಮುಳುಗಿದವನಿಗೆ ಉಸಿರು ತರಿಸುವ ಬಗೆ, ಇವನ್ನು ಕೂಲಿಕಾರರೂ ಹೆಂಗಸರೂ ಕಲಿತಿರಬೇಕೆಂಬ ಭಾವನೆ ಆ ಕಾಲಕ್ಕೆ ಹೊಸದು. ವೈದ್ಯಶಾಲೆಯಿಂದ ಸಾವಿರ ಮೈಲಿ ದೂರದಲ್ಲಿ ಸಂಸಾರ ಮಾಡಿ ಬಲ್ಲ ಆನಿಗೆ ಇದರ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಕೆ ಈ ಕೆಲಸಕ್ಕೆ ಮನಸಾರೆ ತೊಡಗಿದಳು. ೧೮೮೧ರಲ್ಲಿ ಆ ಪಂಥದವರು ಆಕೆಗೆ ಗೌರವ ಪದವಿಯನ್ನಿತ್ತರು. ಎಲ್ಲಿ ಹಡಗು ಲಂಗರು ಹಾಕಿದರೂ ಅಲ್ಲಿಯ ಜನರನ್ನು ಸೇರಿಸಿ ಪ್ರಥಮ ಚಿಕಿತ್ಸೆಯ ತರಗತಿಗಳನ್ನು ತೆರೆಯಿರೆಂದು ಒತ್ತಾಯಪಡಿಸುವುದು ಆಕೆಯ ನೇಮವಾಯಿತು.

ಅನ್ಯರ ನೋವಿಗೆ ಇಷ್ಟು ಎಚ್ಚರವಾಗಿದ್ದವಳ ಮೈಯಲ್ಲಿ ಅಷ್ಟರಲ್ಲಿಯೇ ಜ್ವರವು ಮನೆಮಾಡಿಕೊಂಡಿದ್ದಿತು. ಹಿಂದಿನ ಪ್ರವಾಸಗಳಲ್ಲಿ ತಗುಲಿದ ಮಲೇರಿಯಾ ಆಗಾಗ ಮರುಕಳಿಸುತ್ತಿದ್ದಿತು. ಹಳೆಯ ಕೆಮ್ಮೂ ಅದಕ್ಕೆ ಜೊತೆಗೂಡಿದ್ದಿತು. ಆರೋಗ್ಯವು ಸುಧಾರಿಸಲೆಂದೇ ೧೮೮೬ರಲ್ಲಿ ಮತ್ತೊಂದು ದೀರ್ಘಯಾನವನ್ನು ಗೊತ್ತುಮಾಡಿದರು. ಥಾಮಸನಿಗೆ ಆ ವರ್ಷ ಪ್ರಭು ಪದವಿಯು ಬಂದಿದ್ದಿತು. ರಾಜ್ಯಭಾರದ ಹೊಣೆಗಳು ಹಗುರವಾಗಿದ್ದುವು. ಕಡಲ ಗಾಳಿ ಕ್ಷೀಣವಾದ ದೇಹಕ್ಕೆ ಒಳ್ಳೆಯದೆಂದು ಆ ಕಾಲದವರೆಲ್ಲರ ನಂಬಿಕೆ.

ನವೆಂಬರಿನಲ್ಲಿ ಹಡಗು ಇಂಗ್ಲೆಂಡನ್ನು ಬಿಟ್ಟಿತು. ತಾಯಿಯೂ ಮಕ್ಕಳೂ ಬೇರೆ ಹಡಗಿನಲ್ಲಿ ಹಿಂದೂದೇಶಕ್ಕೆ ಬಂದರು. ೧೮೮೭ರ ಮೊದಲ ವಾರಗಳಲ್ಲಿ ಈ ಕುಟುಂಬವು ರೈಲಿನಲ್ಲಿ ಉತ್ತರದ ಪಟ್ಟಣಗಳನ್ನೂ ನಿಜಾಮನ ಹೈದರಾಬಾದನ್ನೂ ನೋಡಿ, ಬೊಂಬಾಯಿಯಲ್ಲಿ ‘ಸನ್‌ಬೀಮ್’ ಅನ್ನು ಏರಿತು. ಅಲ್ಲಿಂದ ಸಿಂಹಳದ ಕೊಲಂಬೊ ಬಂದರಿಗೆ ಹೊರಟ ಹಡಗು ಸಾಗಿದುದು ನಮ್ಮ ಪಶ್ಚಿಮ ಕರಾವಳಿಯ ಹೊರಗಿನ ಕಡಲಿನಲ್ಲಿಯೇ. ಮುಂದೆ ಬರ್ಮಾ, ಸಿಂಗಪುರ, ಬೋರ್ನಿಯೊ. ಬೋರ್ನಿಯೊ ದ್ವೀಪದ ಕಾಡಿನೊಳಗೆ ಹಕ್ಕಿಗಳು ಗೂಡು ಕಟ್ಟುವ ಮಹಾ ಗುಹೆಗಳಿವೆ. ಮೈಯಲ್ಲಿ ಶಕ್ತಿಯಿಲ್ಲದಿದ್ದರೂ ಅಂತಹ ತಾಣಗಳನ್ನು ನೋಡದೆ ಬಿಡಲು ಆಕೆಯ ಮನಸ್ಸೊಪ್ಪಲಿಲ್ಲ. ಮೇ ತಿಂಗಳಲ್ಲಿ ಹಡಗು ಆಸ್ಟ್ರೇಲಿಯದ ಪಶ್ಚಿಮ ತುದಿಯ ಆಲ್ಬನಿ ಬಂದರನ್ನು ಸೇರಿತು.

ಆಸ್ಟ್ರೇಲಿಯದಲ್ಲಿ ವಿಶ್ರಾಂತಿ ದೊರೆಯಲಿಲ್ಲ. ದೊರೆಯಲು ಆಕೆ ಬಿಡಲಿಲ್ಲವೆಂದರೂ ಸಲ್ಲುವುದು. ಅಡಿಲೇಡ್, ಮೆಲ್ಬರ್ನ್, ಸಿಡ್ನಿ, ಬ್ರಿಸ್ಬೇನ್, ಒಂದಾದ ಮೇಲೊಂದು ಪಟ್ಟಣ. ಪಟ್ಟಣ ಪಟ್ಟಣದಲ್ಲಿಯೂ ಸ್ವಾಗತ, ಔತಣ, ಸಭೆ. ಗಣಿಗಳಲ್ಲಿಯೂ ಕುರಿಗಳ ಮಂದೆಗಳಲ್ಲಿಯೂ ವೈದ್ಯನಿಂದ ಬಹುದೂರದಲ್ಲಿ ದುಡಿಯುವ ಜನರಿಗೆ ಪ್ರಥಮ ಚಿಕಿತ್ಸೆಯ ಅರಿವು ಎಲ್ಲರಿಗಿಂತಲೂ ಹೆಚ್ಚಾಗಿ ಬೇಕೆಂದು ಆಕೆ ಎಡೆಬಿಡದೆ ಬೋಧಿಸಿದಳು. ಅತ್ತ ಮೈ ಕುಗ್ಗುತ್ತ ಬಂದಿತು. ನಮ್ಮ ಮನೆಗಳಲ್ಲಿಯೂ ಈ ದೃಶ್ಯವು ಅಪರೂಪವೇ? ಜ್ವರದಿಂದ ಮೈ ಕಾಯುತ್ತಿದ್ದರೂ ‘ನನಗೇನೂ ಇಲ್ಲ’ ಎಂದು ಒಲೆಯ ಮುಂದೆ ಕುಳಿತುಕೊಳ್ಳುವ ತಾಯಂದಿರನ್ನು ನಾವು ಯಾರು ಕಂಡಿಲ್ಲ? ಮಗುವಿನ ಹಣೆಯನ್ನು ದಿನಕ್ಕೆ ಹತ್ತು ಸಲ ಮುಟ್ಟಿ ನೋಡುವ ಕೈ, ತನ್ನ ಹಣೆಯನ್ನು ಒಂದು ಸಲವೂ ಮುಟ್ಟಿಕೊಳ್ಳುವುದಿಲ್ಲ.

ಹಡಗು ಆಸ್ಟ್ರೇಲಿಯದ ಪೂರ್ವ ತೀರವನ್ನು ಹಿಡಿದು ಉತ್ತರಕ್ಕೆ ಸಾಗಿತು. ಅಲ್ಲಿ ಸೆಕೆ ಹೆಚ್ಚು. ಆಗಸ್ಟ್ ತಿಂಗಳ ಕೊನೆಗೆ, ವರ್ಷಗಟ್ಟಲೆ ತಪ್ಪದೆ ನಡೆದುಬಂದಿದ್ದ ದಿನಚರಿಯು ನಿಂತುಹೋಯಿತು. ಬರೆಯುವ ಶಕ್ತಿಯು ಕೈಬೆರಳುಗಳಿಂದ ಇಳಿದುಹೋಗಿದ್ದಿತು. ಸೆಪ್ಟೆಂಬರಿನ ಮೊದಲ ವಾರ ಕಳೆಯುವ ವೇಳೆಗೆ ‘ಸನ್‌ಬೀಮ್’ ಪೋರ್ಟ್ ಡಾರ್ವಿನ್ ಬಂದರನ್ನು ಬಿಟ್ಟು ಮಾರಿಷಸ್ ದ್ವೀಪಕ್ಕೆ ಮುಖ ಮಾಡಿತು. ಮುಂದೆ ಸಾವಿರಾರು ಮೈಲಿಗಳವರೆಗೆ ಬರಿಯ ಹಿಂದೂ ಮಹಾಸಾಗರ.

ನೆಲದ ಮೇಲಿನ ಮನೆಯಲ್ಲಿ ಕಾಯಿಲೆ ಬಿದ್ದಾಗ ನಮಗಿರುವ ಧೈರ್ಯಗಳನ್ನು ಇಲ್ಲಿ ಒಂದೊಂದಾಗಿ ಎಣಿಸಿ ನೋಡಬೇಕು. ಇನ್ನೊಬ್ಬ ವೈದ್ಯನನ್ನು ಕೇಳೋಣ ಎಂಬ ಧೈರ್ಯ. ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯೋಣ ಎಂಬ ಧೈರ್ಯ. ಬಂಧುಗಳಿಗೆ ಸುದ್ದಿ ಮುಟ್ಟಿಸೋಣ ಎಂಬ ಧೈರ್ಯ. ಕಡಲ ನಡುವಿನ ಹಡಗಿನಲ್ಲಿ ಇವು ಯಾವುವೂ ಇಲ್ಲ. ಆ ಕಾಲದಲ್ಲಿ ಹಡಗಿನಿಂದ ದೂರದವರಿಗೆ ಸುದ್ದಿ ಮುಟ್ಟಿಸುವ ನಿಸ್ತಂತು ಸಾಧನವಿನ್ನೂ ಹುಟ್ಟಿರಲಿಲ್ಲ. ಹಿಂದಿನ ಬಂದರಿಗೆ ತಿರುಗಿದರೂ ದಿನಗಳು ಬೇಕು. ಮುಂದಿನ ಬಂದರಿಗೆ ವಾರಗಳು ಬೇಕು. ಹಡಗಿನಲ್ಲಿ ವೈದ್ಯನಿದ್ದನು, ಔಷಧಿಯ ಪೆಟ್ಟಿಗೆಯಿದ್ದಿತು, ಸೇವೆ ಮಾಡುವ ಕೈಗಳಿದ್ದುವು, ಗಂಡನೂ ಮೂವರು ಹೆಣ್ಣು ಮಕ್ಕಳೂ ಬಳಿಯಲ್ಲಿಯೇ ಇದ್ದರು. ಐಶ್ವರ್ಯದಿಂದ ಕೊಳ್ಳಬಹುದಾದುದೆಲ್ಲವೂ ಅಲ್ಲಿದ್ದಿತು.

೧೮೮೭ನೆಯ ಇಸವಿ ಸೆಪ್ಟೆಂಬರ್ ೧೪ರಂದು ಆನಿ ಬ್ರಾಸಿ ತನ್ನ ತೇಲುವ ಮನೆಯಲ್ಲಿಯೇ ಕೊನೆಯುಸಿರೆಳೆದಳು. ಆಗ ಆಕೆಗೆ ೪೭ ವರ್ಷ. ದೇಹವನ್ನು ಸಮುದ್ರಕ್ಕೆ ಒಪ್ಪಿಸಿದರು. ಥಾಮಸನು ನಾವಿಕನಾದುದರಿಂದ ಆ ಸ್ಥಳವನ್ನು ಗುರುತಿಸಿಟ್ಟನು: ದಕ್ಷಿಣ ಅಕ್ಷಾಂಶ ೧೫ ಡಿಗ್ರಿ ೫೦ ಮಿನಿಟು, ಪೂರ್ವ ರೇಖಾಂಶ ೧೧೦ ಡಿಗ್ರಿ ೩೮ ಮಿನಿಟು. ಮಣ್ಣಿನಲ್ಲಿ ಸಮಾಧಿಯಿಲ್ಲದ ಹೆಂಡತಿಗೆ ಗಂಡನು ಕೊಡಬಹುದಾಗಿದ್ದ ಗುರುತು ಅಷ್ಟೇ. ಹಿಂದೆ ದಾರಿ ಕಾಣಲೆಂದು ಕಲಿತ ವಿದ್ಯೆಯು, ಮರಳಿ ಬಂದು ಹುಡುಕಲಾಗದ ತಾಣವೊಂದನ್ನು ಬರೆದಿಡಲು ಉಪಯೋಗವಾಯಿತು.

ಉಳಿದವರು ಮಾರಿಷಸ್ ಮತ್ತು ಗುಡ್‌ಹೋಪ್ ಭೂಶಿರದ ಮಾರ್ಗವಾಗಿ ಆ ವರ್ಷದ ಕೊನೆಗೆ ಊರನ್ನು ಮುಟ್ಟಿದರು. ತಾಯಿಯಿಲ್ಲದ ಮನೆಯಲ್ಲಿ ಕಾಲ ಕಳೆಯುವುದೇ ದುಸ್ತರ. ಆ ಮನೆಯೇ ಹಗಲೂ ರಾತ್ರಿಯೂ ಅದೇ ಕಡಲಿನ ಮೇಲೆ ತೂಗಾಡುತ್ತಿರುವಾಗ, ಆಕೆ ಕುಳಿತ ಪೀಠ, ಬರೆದ ಮೇಜು, ಸಾಕಿದ ಹಕ್ಕಿ ಎಲ್ಲವೂ ಕಣ್ಣ ಮುಂದಿರುವಾಗ, ಆ ಮಕ್ಕಳು ವಾರಗಳನ್ನು ಹೇಗೆ ನೂಕಿದರೆಂಬುದನ್ನು ನಾವು ವರ್ಣಿಸಹೋಗುವುದಿಲ್ಲ. ಹೆಂಡತಿಯು ಬಿಟ್ಟುಹೋದ ದಿನಚರಿಯನ್ನು ಥಾಮಸನು ಸ್ನೇಹಿತೆಯೊಬ್ಬಳ ನೆರವಿನಿಂದ ೧೮೮೯ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಮಕ್ಕಳಿಗಾಗಿ ಅವರ ತಾಯಿಯ ಸಂಕ್ಷಿಪ್ತ ಚರಿತ್ರೆಯನ್ನು ಬರೆದು ಅದರ ಮೊದಲಿಗೆ ಸೇರಿಸಿದನು.

ಈಗ ಆ ರೋಗದ ಮಾತು. ಆನಿಯು ತೀರಿಕೊಂಡಾಗ ವೈದ್ಯರಿಗೆ ಮಲೇರಿಯಾದ ವಿಷಯವಾಗಿ ಅರ್ಧ ಸತ್ಯ ಮಾತ್ರ ತಿಳಿದಿದ್ದಿತು. ಸಿಂಕೋನ ಮರದ ತೊಗಟೆಯಿಂದ ತೆಗೆದ ಕ್ವಿನೈನು ಅದಕ್ಕೆ ಮದ್ದೆಂಬುದು ಗೊತ್ತಿದ್ದಿತು; ಆ ಮರಗಳನ್ನು ನಮ್ಮ ನೆರೆಯ ನೀಲಗಿರಿಯಲ್ಲಿಯೂ ನೆಟ್ಟು ಬೆಳೆಸುತ್ತಿದ್ದರು. ರೋಗಿಯ ರಕ್ತದಲ್ಲಿ ಅತಿ ಸೂಕ್ಷ್ಮವಾದ ಜೀವಿಯೊಂದು ಇರುವುದನ್ನು ಲಾವೆರಾನ್ ಎಂಬ ಫ್ರೆಂಚ್ ವೈದ್ಯನು ೧೮೮೦ರಲ್ಲಿ ಆಲ್ಜೀರಿಯದಲ್ಲಿ ಕಂಡುಹಿಡಿದಿದ್ದನು. ಆದರೆ ಅದು ಮನುಷ್ಯನ ಮೈಯನ್ನು ಹೊಗುವ ಬಾಗಿಲು ಯಾವುದೆಂಬುದು ಯಾರಿಗೂ ತಿಳಿದಿರಲಿಲ್ಲ. ಜೌಗು ನೆಲದಿಂದೇಳುವ ಕೆಟ್ಟ ಗಾಳಿಯೇ ಕಾರಣವೆಂದು ಜನರು ನಂಬಿದ್ದರು. ಮಲೇರಿಯಾ ಎಂಬ ಹೆಸರಿನ ಅರ್ಥವೇ ಇಟಲಿಯ ಮಾತಿನಲ್ಲಿ ‘ಕೆಟ್ಟ ಗಾಳಿ’. ಆದುದರಿಂದಲೇ ಒಳ್ಳೆಯ ಗಾಳಿಯನ್ನರಸಿ ಕಡಲಿಗೆ ಹೋಗುವುದು ಬುದ್ಧಿವಂತಿಕೆಯೆಂದು ತೋರುತ್ತಿದ್ದಿತು.

ಬಾಗಿಲು ತೆರೆದುದು ನಮ್ಮ ದೇಶದಲ್ಲಿ. ೧೮೮೩ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯನು ನಮ್ಮ ಬೆಂಗಳೂರಿನ ದಂಡಿನಲ್ಲಿ ಕೆಲಸದಲ್ಲಿದ್ದನು. ಆತನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಬಹಳ. ಹುಡುಕಿ ನೋಡಿದಾಗ, ಹೊರಗಿದ್ದ ತೊಟ್ಟಿಯ ನೀರಿನಲ್ಲಿ ಮರಿಗಳು ಕುಣಿಯುತ್ತಿದ್ದುದು ಕಾಣಿಸಿತು. ನೀರನ್ನು ಚೆಲ್ಲಿಸಿದೊಡನೆ ಸೊಳ್ಳೆಗಳು ಕಡಮೆಯಾದುವು. ಸೊಳ್ಳೆಗೂ ಜ್ವರಕ್ಕೂ ಸಂಬಂಧವುಂಟೆಂಬುದು ಆಗ ಆತನಿಗೂ ತಿಳಿಯದು. ನಿದ್ರೆ ಬಂದರೆ ಸಾಕೆಂದು ಮಾಡಿದ ಕೆಲಸವದು. ಅನೇಕ ವರ್ಷಗಳ ಶೋಧನೆಯ ಬಳಿಕ, ೧೮೯೭ನೆಯ ಇಸವಿ ಆಗಸ್ಟ್ ೨೦ರಂದು, ಸಿಕಂದರಾಬಾದಿನಲ್ಲಿ, ರೋಗಿಯ ರಕ್ತವನ್ನು ಹೀರಿದ ಅನಾಫಿಲಿಸ್ ಜಾತಿಯ ಸೊಳ್ಳೆಯ ಹೊಟ್ಟೆಯಲ್ಲಿ ಆ ಸೂಕ್ಷ್ಮಜೀವಿಯು ಬೆಳೆಯುತ್ತಿರುವುದನ್ನು ಆತನು ಕಣ್ಣಾರೆ ಕಂಡನು. ಆನಿ ಬ್ರಾಸಿ ತೀರಿಕೊಂಡು ಹತ್ತು ವರ್ಷಗಳು ತುಂಬಲು ಆಗ ಇನ್ನೂ ಕೆಲವು ವಾರಗಳಿದ್ದುವು. ಆಕೆ ತನ್ನ ಕೊನೆಯ ಪ್ರವಾಸದಲ್ಲಿ ನೋಡಿಹೋದ ಹೈದರಾಬಾದಿನ ಮಗ್ಗುಲಲ್ಲಿಯೇ ಈ ಸಿಕಂದರಾಬಾದು ಇರುವುದು. ಆಕೆಯ ಪ್ರಾಣಕ್ಕೆ ಬೇಕಾಗಿದ್ದ ಅರಿವು ಆ ದಾರಿಯಲ್ಲಿಯೇ ಹುಟ್ಟಲಿದ್ದಿತು; ಆದರೆ ಅದಕ್ಕೆ ಹತ್ತು ವರ್ಷ ತಡವಾಯಿತು.

ಮರುಕಳಿಸುವ ಜ್ವರದ ಗುಟ್ಟು ತಿಳಿಯಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ಸೊಳ್ಳೆಯ ಕಡಿತದಿಂದ ಒಳಹೊಕ್ಕ ಜೀವಿಯು ಮೊದಲು ಪಿತ್ತಜನಕಾಂಗದಲ್ಲಿ ಅಡಗಿ ಬೆಳೆಯುವುದು; ಅಲ್ಲಿಂದ ರಕ್ತಕ್ಕೆ ಇಳಿದಾಗ ಚಳಿ, ನಡುಕ, ಸುಡುವ ಕಾವು, ಬೆವರು ಒಂದರ ಹಿಂದೆ ಒಂದು ಬರುವುವು. ಮಲೇರಿಯಾದ ಕೆಲವು ಬಗೆಗಳಲ್ಲಿ ಆ ಜೀವಿಯ ಒಂದು ಪಾಲು ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ, ನಿದ್ರಿಸುತ್ತಿದ್ದು ಮತ್ತೆ ಎಚ್ಚರಗೊಳ್ಳುವುದು. ಕ್ವಿನೈನು ರಕ್ತದಲ್ಲಿರುವುದನ್ನು ಕೊಲ್ಲುವುದಲ್ಲದೆ ಹೀಗೆ ನಿದ್ರಿಸುವುದನ್ನು ಮುಟ್ಟಲಾರದು. ಅದನ್ನು ಕೊಲ್ಲುವ ಪ್ರೈಮಾಕ್ವಿನ್ ಎಂಬ ಔಷಧಿಯು ೧೯೫೦ರ ಬಳಿಕವಷ್ಟೇ ಬಳಕೆಗೆ ಬಂದಿತು. ಆದುದರಿಂದ ಇಂದಿನ ವೈದ್ಯರು ಜ್ವರವು ಬಿಟ್ಟ ಮೇಲೆಯೂ ಹೇಳಿದಷ್ಟು ದಿನ ಔಷಧಿಯನ್ನು ಪೂರ್ತಿಯಾಗಿ ತೆಗೆದುಕೊಳ್ಳಬೇಕೆಂದು ಒತ್ತಿ ಹೇಳುವರು. ‘ಮೈ ಹಗುರವಾಯಿತು, ಇನ್ನೇತಕ್ಕೆ ಕಹಿ ಗುಳಿಗೆ’ ಎಂದು ನಡುವೆ ನಿಲ್ಲಿಸುವುದು, ಮಲಗಿದ ಹಾವನ್ನು ಮನೆಯೊಳಗೆ ಬಿಟ್ಟು ಬಾಗಿಲು ಹಾಕಿಕೊಂಡಂತೆ.

ನಮ್ಮ ನಾಡಿಗೆ ಈ ಮಾತು ಹೊರಗಿನದಲ್ಲ. ಒಂದು ಕಾಲದಲ್ಲಿ ಮಲೆನಾಡಿನ ಮನೆಮನೆಯಲ್ಲಿಯೂ ಚಳಿಜ್ವರವು ಕುಟುಂಬದ ಒಬ್ಬನಂತೆ ವಾಸಮಾಡಿದ್ದಿತು. ಬಯಲು ಸೀಮೆಯವರು ಅಲ್ಲಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರೆಂದು ಹಿರಿಯರು ಹೇಳುವುದುಂಟು. ಆ ಕಾಲವು ಹಿಂದೆ ಸರಿದಿದೆ. ಆದರೆ ರೋಗವು ಜಗತ್ತಿನಿಂದ ತೊಲಗಿಲ್ಲ. ಇಂದಿಗೂ ಪ್ರತಿ ವರ್ಷ ಐದು ಲಕ್ಷಕ್ಕೂ ಮೇಲ್ಪಟ್ಟು ಜನರು, ಅವರಲ್ಲಿಯೂ ಬಹುಪಾಲು ಆಫ್ರಿಕದ ಎಳೆಯ ಮಕ್ಕಳು, ಅದಕ್ಕೆ ಬಲಿಯಾಗುತ್ತಿದ್ದಾರೆ. ಅಂಗಳದ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದುಮಾಡಿ ಒಣಗಿಸುವುದು, ಮಲಗುವಾಗ ಸೊಳ್ಳೆಯ ಪರದೆಯನ್ನು ಕಟ್ಟುವುದು, ಜ್ವರ ಬಂದೊಡನೆ ರಕ್ತವನ್ನು ಪರೀಕ್ಷೆ ಮಾಡಿಸುವುದು, ಇವು ಯಾವ ಗೃಹಿಣಿಯ ಕೈಗೂ ಮೀರಿದುವಲ್ಲ.

ಕೊನೆಯದಾಗಿ ಆ ಹಡಗಿನ ಕಥೆ. ಥಾಮಸನು ೧೮೯೫ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತಕ್ಕೆ ಗವರ್ನರಾಗಿ ಹೋದನು. ‘ಸನ್‌ಬೀಮ್’ ಅನ್ನು ಮಾರಲಿಲ್ಲ. ಮೊದಲನೆಯ ಮಹಾಯುದ್ಧವು ಬಂದಾಗ, ಎಂಬತ್ತರ ಹತ್ತಿರ ಬಂದಿದ್ದ ಆ ಮುದುಕನು ತನ್ನ ಹಳೆಯ ಹಡಗನ್ನು ಗಾಯಗೊಂಡ ಸೈನಿಕರ ಸೇವೆಗೆ ಒಪ್ಪಿಸಿದನು. ೧೯೧೬ರಲ್ಲಿ ಅದನ್ನು ಆಸ್ಪತ್ರೆಯ ಹಡಗನ್ನಾಗಿ ಬಳಸಿಕೊಳ್ಳಲೆಂದು ಹಿಂದೂದೇಶದ ಸರಕಾರಕ್ಕೆ ದಾನಮಾಡಿದನು. ೧೯೧೮ರಲ್ಲಿ ಆತನು ತೀರಿಕೊಂಡನು. ೧೯೨೯ರಲ್ಲಿ ಹಡಗನ್ನು ಒಡೆದರು. ಜ್ವರದಲ್ಲಿ ಹೋದ ಮಗುವಿನ ಹೆಸರನ್ನು ಹೊತ್ತು ಹುಟ್ಟಿ, ಜ್ವರದಲ್ಲಿ ಬೆಂದ ತಾಯಿಯ ಕೊನೆಯ ಹಾಸಿಗೆಯನ್ನು ತೂಗಿದ ಹಡಗು, ಪರರ ಮಕ್ಕಳ ಹಾಸಿಗೆಗಳನ್ನು ಹೊರುವ ಸೇವೆಗೆ ಸಂದಿತು. ಊರೂರಿಗೆ ಶುಶ್ರೂಷೆಯನ್ನು ಬೋಧಿಸಿದ ಆ ಹೆಣ್ಣು ಮಗಳಿಗೆ ಇದಕ್ಕಿಂತ ತಕ್ಕ ಸ್ಮಾರಕವು ನಮಗೆ ತೋರದು.

ನಮ್ಮ ವಾಚಕರಲ್ಲಿ ಬಹುಮಂದಿ ಹಾಯಿ ಹಡಗನ್ನು ಏರಲಾರರು. ಆದರೆ ಪ್ರತಿಯೊಂದು ಮನೆಯೂ ತನ್ನ ಬಗೆಯಲ್ಲಿ ಒಂದು ಹಡಗೇ. ಅದನ್ನು ನಡೆಯಿಸುವವಳು ಒಬ್ಬಳಿದ್ದೇ ಇರುತ್ತಾಳೆ. ಈ ಲೇಖನವನ್ನು ಓದಿ ಮುಗಿಸಿದವರು ಪತ್ರಿಕೆಯನ್ನು ಕೆಳಗಿಡುವ ಮುಂಚೆ ಒಂದು ಕೆಲಸ ಮಾಡಬೇಕೆಂದು ನಮ್ಮ ಬಿನ್ನಹ. ಅಡಿಗೆಯ ಮನೆಗೆ ಹೋಗಿ, ಅಲ್ಲಿರುವವಳನ್ನು ‘ನಿನ್ನ ಮೈ ಹೇಗಿದೆ?’ ಎಂದು ಕೇಳಬೇಕು. ‘ನನಗೇನೂ ಇಲ್ಲ’ ಎಂಬ ಉತ್ತರವು ಬಂದರೆ ಅದನ್ನು ಒಡನೆಯೇ ನಂಬದೆ, ಹಣೆಯನ್ನು ಒಮ್ಮೆ ಮುಟ್ಟಿ ನೋಡಬೇಕು.